ಡೀಸೆಲ್ ಪಂಪಿನ ಟೈಮಿಂಗ್ ಕಿವಿಯಿಂದ ಕೂರಿಸಬಹುದೇ?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮ ಕಾಫಿ ತೋಟವಿದೆ. ಹೊಳೆಯಿಂದ ನೀರೆತ್ತಿ ಸ್ಪ್ರಿಂಕ್ಲರ್ ಓಡಿಸಲು ಮೂರು ಸಿಲಿಂಡರಿನ ಡೀಸೆಲ್ ಎಂಜಿನ್ ಇಟ್ಟಿದ್ದೇವೆ. ಅದರ ಮೈಕೋ ಇನ್‌ಲೈನ್ ಪಂಪನ್ನು, ಅಂದರೆ ನೋಝಲ್ಲಿಗೆ ಒತ್ತಡದಲ್ಲಿ ಡೀಸೆಲ್ ಕೊಡುವ ಪಂಪನ್ನು, ಹಾಸನದಲ್ಲಿ ಕ್ಯಾಲಿಬ್ರೇಶನ್ (ಅಳತೆ ಸರಿಪಡಿಸುವುದು) ಮಾಡಿಸಿ ತಂದು ಕೂರಿಸಿದ ಮೇಲೆ ಬೆಳಗಿನ ಹೊತ್ತು ಸ್ಟಾರ್ಟ್ ಆಗುವುದೇ ಕಷ್ಟವಾಯಿತು, ಕಣ್ಣು ಉರಿಯುವಂಥ ಬಿಳಿ ಹೊಗೆ ಬರತೊಡಗಿತು. ಒಬ್ಬ ಮೆಕ್ಯಾನಿಕ್ ಎಂಜಿನ್ ಓಡುತ್ತಿರುವಾಗಲೇ ಶಬ್ದ ಕೇಳಿ ಪಂಪ್ ತಿರುಗಿಸಿದರು. ಹೊಗೆ ಹೋಯಿತು, ಆದರೆ ಕಟಕಟ ಶಬ್ದ ಹೆಚ್ಚಾಯಿತು. ಇನ್ನೊಬ್ಬರು ಬಂದು ಮತ್ತೆ ಸ್ವಲ್ಪ ಹಿಂದಕ್ಕೆ ತಿರುಗಿಸಿದರು. ಎಂಜಿನ್ ಪುಸ್ತಕದಲ್ಲಿ ಟಿಡಿಸಿಗೆ (ಪಿಸ್ಟನ್ ಅತಿ ಮೇಲೆ ಬರುವ ಜಾಗಕ್ಕೆ) 22 ಡಿಗ್ರಿ ಮೊದಲು ಎಂದು ಬರೆದಿದೆ, ಪುಲ್ಲಿಯ ಮೇಲೆ ಯಾವ ಗುರುತೂ ಉಳಿದಿಲ್ಲ. ಟೈಮಿಂಗ್, ಅಂದರೆ ಡೀಸೆಲ್ ಕೊಡುವ ಕ್ಷಣ, ಸರಿಯಾಗಿ ಕೂರಿಸಲು ಯಾವ ಉಪಕರಣಗಳು ಬೇಕು? ನಾವೇ ಮಾಡಿಕೊಳ್ಳಬಹುದೇ? ಗುಡ್ಡದ ಊರಿಗೆ ಟೈಮಿಂಗ್ ಸ್ವಲ್ಪ ಮುಂದಕ್ಕೆ (ಅಂದರೆ ಇನ್ನೂ ಬೇಗ) ಇಡಬೇಕು ಎನ್ನುತ್ತಾರೆ, ನಿಜವೇ? ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಒಂದು ಸಿಂಗಲ್ ಸಿಲಿಂಡರ್ ಎಂಜಿನ್, ಓಡಾಟಕ್ಕೆ ರೋಟರಿ ಪಂಪಿನ ಹಳೆಯ ಜೀಪ್ ಇವೆ. ಅವುಗಳಿಗೂ ಇದೇ ವಿಧಾನವೇ?

ಉತ್ತರ: ನೀವೇ ಮಾಡಿಕೊಳ್ಳಬಹುದು. ಬೇಕಾಗುವ ಉಪಕರಣಗಳು ಕಡಿಮೆ, ಬೇಕಾಗುವ ತಾಳ್ಮೆ ಹೆಚ್ಚು. ಆದರೆ ಇನ್ನು ಮುಂದೆ ಯಾರಿಗೂ ಎಂಜಿನ್ ಓಡುತ್ತಿರುವಾಗ ಪಂಪ್ ತಿರುಗಿಸಲು ಬಿಡಬೇಡಿ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಕಾಡಿದ್ದು ಹೊಗೆಯೂ ಅಲ್ಲ, ಶಬ್ದವೂ ಅಲ್ಲ. ಇಬ್ಬರು ಮೆಕ್ಯಾನಿಕ್‌ಗಳು ಪಂಪನ್ನು ಎರಡು ದಿಕ್ಕಿಗೆ ಸರಿಸಿದರು, ಆದರೆ ಸರಿಸುವ ಮೊದಲು ಅದು ಎಷ್ಟು ಡಿಗ್ರಿಯಲ್ಲಿತ್ತು ಎಂದು ಇಬ್ಬರೂ ನೋಡಲಿಲ್ಲ. ಹಾಗಾಗಿ ನಿಮ್ಮ ಮೊದಲ ಕೆಲಸ ಪಂಪನ್ನು ಈಗ ಇರುವ ಜಾಗದಿಂದ ಅಲುಗಿಸದೆ, ಅದು ಎಲ್ಲಿ ನಿಂತಿದೆ ಎಂದು ಅಳೆಯುವುದು. ತಿದ್ದುವ ಮಾತು ಆಮೇಲೆ.

22 ಡಿಗ್ರಿ ಎಂಬ ಸಂಖ್ಯೆಯ ಹಿಂದಿನ ಲೆಕ್ಕ ತಿಳಿದರೆ ಮುಂದಿನದೆಲ್ಲ ಸುಲಭ. ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುವಾಗ ಕ್ರ್ಯಾಂಕ್ (ಪಿಸ್ಟನ್ನಿನ ಬಲದಿಂದ ತಿರುಗುವ ಎಂಜಿನ್ನಿನ ಮುಖ್ಯ ಶಾಫ್ಟ್) ಸೆಕೆಂಡಿಗೆ 9000 ಡಿಗ್ರಿ ಸಾಗುತ್ತದೆ. ಅಂದರೆ 22 ಡಿಗ್ರಿಗೆ ಸಿಗುವ ಸಮಯ ಸುಮಾರು 2.4 ಮಿಲಿಸೆಕೆಂಡ್ ಮಾತ್ರ. ಅಷ್ಟರೊಳಗೆ ಪಂಪಿನ ಎಲಿಮೆಂಟ್ (ಬ್ಯಾರೆಲ್ ಎಂಬ ಕೊಳವೆಯೊಳಗೆ ಪ್ಲಂಜರ್ ಎಂಬ ಸರಳು ಏರಿಳಿಯುವ ಜೋಡಿ) ಡೀಸೆಲ್ ಒಳಬರುವ ತೂತು ಮುಚ್ಚಿ ಒತ್ತಡ ಏರಬೇಕು, ಆ ಒತ್ತಡದ ಅಲೆ ಪೈಪಿನಲ್ಲಿ ಸಾಗಿ ನೋಝಲ್ ತಲುಪಬೇಕು, ನೋಝಲ್ ತೆರೆದು ಡೀಸೆಲ್ ಸಿಂಪಡಿಸಬೇಕು, ಆ ಹನಿಗಳು ಬಿಸಿ ಗಾಳಿಯಲ್ಲಿ ಆವಿಯಾಗಿ ಹೊತ್ತಿಕೊಳ್ಳಬೇಕು. ಹೊತ್ತಿಕೊಳ್ಳುವುದಕ್ಕೇ ಒಂದು ಮಿಲಿಸೆಕೆಂಡಿನ ಆಸುಪಾಸು ಹೋಗುತ್ತದೆ, ತಣ್ಣಗಿನ ಎಂಜಿನ್‌ನಲ್ಲಿ ಇನ್ನೂ ಹೆಚ್ಚು. ಇಷ್ಟೆಲ್ಲ ಆಗಿ, ಪಿಸ್ಟನ್ ಮೇಲಿನ ತುದಿ ದಾಟಿ ಹತ್ತು ಡಿಗ್ರಿಯ ಆಚೀಚೆ ಕೆಳಗಿಳಿಯುವಾಗ ಸಿಲಿಂಡರಿನ ಒತ್ತಡ ಅತಿ ಹೆಚ್ಚಾಗಿರಬೇಕು. ಆಗ ಪಿಸ್ಟನ್ ಮೇಲೆ ಬೀಳುವ ಬಲ ಕೆಲಸಕ್ಕೆ ಬರುತ್ತದೆ. ಇಂಜೆಕ್ಷನ್ ತಡವಾದರೆ ಉರಿ ಪಿಸ್ಟನ್ನಿನ ಹಿಂದೆ ಓಡುತ್ತದೆ: ಶಕ್ತಿ ಇಳಿಯುತ್ತದೆ, ಸೈಲೆನ್ಸರ್ ಕಾಯುತ್ತದೆ, ತಣ್ಣಗಿನ ಎಂಜಿನ್ ಅರ್ಧ ಉರಿದ ಡೀಸೆಲ್ಲನ್ನು ಬಿಳಿ ಹೊಗೆಯಾಗಿ ಉಗುಳುತ್ತದೆ. ಬೇಗವಾದರೆ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಒತ್ತಡ ಎದುರಾಗುತ್ತದೆ. ಹೆಡ್ ಗ್ಯಾಸ್ಕೆಟ್, ಪಿಸ್ಟನ್ ರಿಂಗ್, ಬಿಗ್ ಎಂಡ್ ಬೇರಿಂಗ್ ಎಲ್ಲವೂ ಆ ಪೆಟ್ಟನ್ನು ತಿನ್ನುತ್ತವೆ.

ಕಿವಿ ಮೋಸ ಹೋಗುವುದು ಇಲ್ಲಿಯೇ. ಟೈಮಿಂಗ್ ಮುಂದಕ್ಕೆ ಹೋದಷ್ಟೂ ಡೀಸೆಲ್ ಹೊತ್ತುವ ಮೊದಲು ಹೆಚ್ಚು ಶೇಖರವಾಗುತ್ತದೆ, ಎಲ್ಲವೂ ಒಮ್ಮೆಗೇ ಹೊತ್ತುತ್ತದೆ, ಶಬ್ದ ಗಡುಸಾಗುತ್ತದೆ, ಐಡಲ್‌ನಲ್ಲಿ ಎಂಜಿನ್ ಚುರುಕಾದಂತೆ ಕೇಳಿಸುತ್ತದೆ. ಆ ಚುರುಕನ್ನು ಶಕ್ತಿ ಎಂದು ನಂಬುವವರು ಬಹಳ ಮಂದಿ. ಬಿಳಿ ಹೊಗೆಯೂ ಮಾಯವಾಗುವುದರಿಂದ ರೋಗ ವಾಸಿಯಾಯಿತು ಎಂದು ಮಾಲೀಕರೂ ಒಪ್ಪಿಬಿಡುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ಫೆಬ್ರುವರಿ, ಮಾರ್ಚಿನಲ್ಲಿ ರೊಬಸ್ಟಾಗೆ ನೀರು ಕೊಡಲು ಇದೇ ಎಂಜಿನ್ ಹಗಲು ರಾತ್ರಿ ಪೂರ್ಣ ಲೋಡಿನಲ್ಲಿ ಓಡಬೇಕು. ಗ್ಯಾಸ್ಕೆಟ್ ಹೋಗುವುದು ಆಗ. ಒಂದು ಲೆಕ್ಕ ನೋಡಿ: ಪಂಪ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ಪಂಪನ್ನು ಎಂಜಿನ್ನಿಗೆ ಬಿಗಿಯುವ ಫ್ಲ್ಯಾಂಜಿನ ಉದ್ದ ತೂತು ನಡುವಿನಿಂದ 60 ಮಿಲಿಮೀಟರ್ ದೂರದಲ್ಲಿದ್ದರೆ, ಅಲ್ಲಿ ಒಂದು ಮಿಲಿಮೀಟರ್ ಸರಿದರೂ ಕ್ರ್ಯಾಂಕಿನಲ್ಲಿ ಸುಮಾರು ಎರಡು ಡಿಗ್ರಿ ಬದಲಾಗುತ್ತದೆ. ಓಡುವ ಎಂಜಿನ್‌ನ ನಡುಕದಲ್ಲಿ, ನಟ್ ಸಡಿಲಿಸಿ ಕೈಯಿಂದ ತಳ್ಳುವವರಿಗೆ ಒಂದು ಮಿಲಿಮೀಟರ್ ಹಿಡಿತಕ್ಕೆ ಸಿಗುವುದೇ ಇಲ್ಲ.

ಪಂಪ್ ಬಿಚ್ಚಿ ಕೂರಿಸಿದ ಮೇಲೆಯೇ ತೊಂದರೆ ಶುರುವಾದ ಕಾರಣ ಟೈಮಿಂಗ್ ಮೇಲೆ ಅನುಮಾನ ಬರುವುದು ಸರಿಯೇ. ಆದರೂ ಅಳೆಯುವ ಮೊದಲು ಇನ್ನು ಕೆಲವನ್ನು ನೋಡಿಬಿಡಿ. ಲೈನಿನಲ್ಲಿ ಏರ್ ಉಳಿದಿದ್ದರೂ ಬೆಳಗಿನ ಸ್ಟಾರ್ಟಿಂಗ್ ಕಷ್ಟವಾಗುತ್ತದೆ, ಫಿಲ್ಟರಿನ ಬ್ಲೀಡ್ ಸ್ಕ್ರೂನಲ್ಲಿ ಗುಳ್ಳೆ ಬರುತ್ತದೆಯೇ ನೋಡಿ. ನೋಝಲ್‌ಗಳು ನಿಗದಿತ ಒತ್ತಡದಲ್ಲಿ ತೆರೆಯುತ್ತಿವೆಯೇ, ತುದಿಯಲ್ಲಿ ತೊಟ್ಟಿಕ್ಕುತ್ತಿವೆಯೇ ಎಂದು ನೋಝಲ್ ಟೆಸ್ಟರ್‌ನಲ್ಲಿ ನೋಡಿಸಿ. ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಅದುಮುವ ಒತ್ತಡ) ಇಳಿದ ಎಂಜಿನ್ ಯಾವ ಟೈಮಿಂಗಿಗೂ ಸರಿಹೋಗುವುದಿಲ್ಲ. ಮಲೆನಾಡಿನ ಚಳಿಗಾಲದ ಬೆಳಗ್ಗೆ ಸೈಲೆನ್ಸರಿನಿಂದ ಬರುವ ನೀರಾವಿಯೂ ಬಿಳಿಯಾಗಿಯೇ ಕಾಣುತ್ತದೆ. ಅದಕ್ಕೆ ವಾಸನೆಯಿಲ್ಲ, ಬೇಗ ಕರಗುತ್ತದೆ. ನಿಮ್ಮದು ಕಣ್ಣು ಉರಿಸುತ್ತದೆ ಎಂದಿದ್ದೀರಿ, ಆದ್ದರಿಂದ ಅದು ಉರಿಯದ ಡೀಸೆಲ್ಲೇ.

ಈಗ ಟಿಡಿಸಿ. ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಸಮಯ ಕೊಡುವುದು ಇದಕ್ಕೆ, ನೀವೂ ಕೊಡಿ. ಟಿಡಿಸಿ ಎರಡು ಡಿಗ್ರಿ ತಪ್ಪಿದರೆ ಆಮೇಲೆ ಎಷ್ಟೇ ಚೊಕ್ಕವಾಗಿ ಅಳೆದರೂ ಟೈಮಿಂಗ್ ಎರಡು ಡಿಗ್ರಿ ತಪ್ಪಿಯೇ ಇರುತ್ತದೆ. ನೋಝಲ್ ತೂತಿನಲ್ಲಿ ಕಡ್ಡಿ ಇಳಿಸಿ, ಕಡ್ಡಿ ಅತಿ ಮೇಲೆ ಬಂದ ಕಡೆ ಗೆರೆ ಎಳೆಯುವುದು ಬಹಳ ಕಡೆ ನಡೆದುಕೊಂಡು ಬಂದ ರೂಢಿ. ಅದು ಸಾಲದು. 110 ಮಿಲಿಮೀಟರ್ ಸ್ಟ್ರೋಕಿನ ಎಂಜಿನ್‌ನಲ್ಲಿ ಟಿಡಿಸಿಯಿಂದ ಕ್ರ್ಯಾಂಕ್ ಒಂದು ಡಿಗ್ರಿ ತಿರುಗಿದರೆ ಪಿಸ್ಟನ್ ಇಳಿಯುವುದು ಮಿಲಿಮೀಟರಿನ ನೂರನೇ ಒಂದು ಭಾಗ. ಐದು ಡಿಗ್ರಿ ತಿರುಗಿದರೂ ಕಾಲು ಮಿಲಿಮೀಟರ್. ಕಣ್ಣಿಗೆ ಅಲ್ಲಿ ಪಿಸ್ಟನ್ ನಿಂತೇ ಇರುತ್ತದೆ. ಡಯಲ್ ಗೇಜ್ ಇಟ್ಟರೂ ಮುಳ್ಳು ಅತಿ ಮೇಲೆ ಹೋದ ಕಡೆಯನ್ನು ಹುಡುಕಿದರೆ ಇದೇ ಕಷ್ಟ.

ದಾರಿ ಒಂದೇ: ತುದಿಯನ್ನು ನೇರವಾಗಿ ಹುಡುಕದೆ, ಅದರ ಎರಡೂ ಬದಿಯಲ್ಲಿ ಪಿಸ್ಟನ್ ಒಂದೇ ಎತ್ತರದಲ್ಲಿರುವ ಎರಡು ಜಾಗ ಹಿಡಿದು, ನಡುವನ್ನು ಗುರುತಿಸುವುದು. ಮೂರೂ ನೋಝಲ್ ತೆಗೆದಿಟ್ಟರೆ ಎಂಜಿನ್ ಕೈಯಿಂದ ಹಗುರಾಗಿ ತಿರುಗುತ್ತದೆ. ಒಂದನೇ ಸಿಲಿಂಡರಿನ ನೋಝಲ್ ತೂತಿನಲ್ಲಿ ಪಿಸ್ಟನ್‌ಗೆ ತಾಗಿ ತಡೆಯುವಂಥ ಸ್ಟಾಪರ್ ಕೂರಿಸಿ. ಹಳೆಯ ನೋಝಲ್ ಹೋಲ್ಡರಿಗೆ ದಪ್ಪ ಸರಳು ಬೆಸೆಸಿದರೆ ಸಾಕು, ಲೇತ್ ಅಂಗಡಿಯಲ್ಲಿ ಮಾಡಿಕೊಡುತ್ತಾರೆ. ಸರಳು ವಾಲ್ವ್‌ಗಳಿಗೆ ತಾಗಬಾರದು, ಪಿಸ್ಟನ್ ಟಿಡಿಸಿಗೆ ಇನ್ನೂ ನಾಲ್ಕೈದು ಮಿಲಿಮೀಟರ್ ಇರುವಾಗ ತಡೆದರೆ ಚೆನ್ನ. ಪುಲ್ಲಿಯ ಎದುರು ಗಟ್ಟಿಯಾದ ತಂತಿಯ ಮುಳ್ಳೊಂದನ್ನು ಬೋಲ್ಟಿಗೆ ಕಟ್ಟಿ. ಸ್ಪ್ಯಾನರಿನಿಂದ ಮೆಲ್ಲಗೆ ತಿರುಗಿಸಿ ಪಿಸ್ಟನ್ ತಾಗಿದ ಕಡೆ ಪುಲ್ಲಿಯ ಮೇಲೆ ಗೆರೆ ಹಾಕಿ. ಎದುರು ದಿಕ್ಕಿಗೆ ತಿರುಗಿಸಿ ಮತ್ತೆ ತಾಗಿದ ಕಡೆ ಇನ್ನೊಂದು ಗೆರೆ. ಎರಡರ ನಡು ಟಿಡಿಸಿ. ಅಪ್ಪಿತಪ್ಪಿಯೂ ಸ್ಟಾರ್ಟರ್ ಮುಟ್ಟಬೇಡಿ, ಬ್ಯಾಟರಿಯ ವೈರನ್ನೇ ಮೊದಲು ಕಳಚಿಡಿ. ಸ್ಟಾಪರಿನ ಬದಲು ಡಯಲ್ ಗೇಜ್ ಇದ್ದರೆ ಮುಳ್ಳು ಎರಡೂ ಬದಿಯಲ್ಲಿ ಒಂದೇ ಅಂಕೆ ತೋರಿಸುವ ಜಾಗಗಳನ್ನು ಹಿಡಿಯಬಹುದು. ಮೂರು ಮಿಲಿಮೀಟರ್ ಇಳಿದಲ್ಲಿ ಹಿಡಿದರೆ ಅಲ್ಲಿ ಪ್ರತಿ ಡಿಗ್ರಿಗೂ ಪಿಸ್ಟನ್ ಮೂರನೇ ಒಂದು ಮಿಲಿಮೀಟರಿನಷ್ಟು ಚಲಿಸುತ್ತದೆ, ತಪ್ಪಿಗೆ ಎಡೆಯಿರುವುದಿಲ್ಲ.

ಸಿಕ್ಕಿದ ಟಿಡಿಸಿ ಕಂಪ್ರೆಷನ್ನಿನದೋ (ಗಾಳಿ ಅದುಮಿದ ಕೊನೆ) ಎಕ್ಸಾಸ್ಟಿನದೋ (ಹೊಗೆ ಹೊರದೂಡಿದ ಕೊನೆ) ಎಂಬುದನ್ನು ವಾಲ್ವ್ ಒತ್ತುವ ರಾಕರ್ ನೋಡಿ ತಿಳಿಯಬೇಕು. ಒಂದನೇ ಸಿಲಿಂಡರಿನ ಎರಡೂ ರಾಕರ್‌ಗಳು ಸಡಿಲವಾಗಿ ಆಡಿದರೆ ಕಂಪ್ರೆಷನ್.

ಡಿಗ್ರಿ ಗುರುತು ಹಾಕಲು ಕೋನಮಾಪಕ ಬೇಡ, ದರ್ಜಿಯ ಟೇಪ್ ಸಾಕು. ಪುಲ್ಲಿಯ ಸುತ್ತಳತೆಯನ್ನು 360ರಿಂದ ಭಾಗಿಸಿ. 180 ಮಿಲಿಮೀಟರ್ ವ್ಯಾಸದ ಪುಲ್ಲಿಯಲ್ಲಿ ಒಂದು ಡಿಗ್ರಿ 1.57 ಮಿಲಿಮೀಟರ್ ಆಗುತ್ತದೆ, 22 ಡಿಗ್ರಿ 34.5 ಮಿಲಿಮೀಟರ್. ಕಾಗದದ ಪಟ್ಟಿಯ ಮೇಲೆ ಹತ್ತರಿಂದ ನಲವತ್ತು ಡಿಗ್ರಿವರೆಗೆ ಗೆರೆ ಎಳೆದು ಪುಲ್ಲಿಗೆ ಅಂಟಿಸಿದರೆ ಓದುವುದು ಸುಲಭ. ಪಟ್ಟಿಯನ್ನು ಟಿಡಿಸಿ ಗೆರೆಯಿಂದ ಯಾವ ಕಡೆಗೆ ಅಂಟಿಸಬೇಕು ಎಂಬಲ್ಲಿ ಅನುಭವಿಗಳೂ ಎಡವುತ್ತಾರೆ. ಟಿಡಿಸಿಗೆ ಮೊದಲಿನ ಗುರುತುಗಳು ಮುಳ್ಳಿನ ಎದುರು ಟಿಡಿಸಿಗಿಂತ ಮೊದಲೇ ಹಾದುಹೋಗಬೇಕು. ಆದ್ದರಿಂದ ಅವು ಟಿಡಿಸಿ ಗೆರೆಯಿಂದ ಎಂಜಿನ್ ತಿರುಗುವ ದಿಕ್ಕಿನಲ್ಲೇ ಮುಂದೆ ಇರುತ್ತವೆ. ತಿರುಗಾಮುರುಗಾ ಆದರೆ 22 ಡಿಗ್ರಿ ಮೊದಲಿನ ಬದಲು 22 ಡಿಗ್ರಿ ಆಮೇಲೆ ಆಗುತ್ತದೆ, ಎಂಜಿನ್ ಸ್ಟಾರ್ಟೇ ಆಗುವುದಿಲ್ಲ.

ಇನ್ನು ಪಂಪಿನ ಕಡೆ. ಪುಸ್ತಕದ 22 ಡಿಗ್ರಿ ಎಂದರೆ ಎಲಿಮೆಂಟಿನ ಪ್ಲಂಜರ್ ಮೇಲೇರುತ್ತ ಡೀಸೆಲ್ ಒಳಬರುವ ತೂತನ್ನು ಪೂರ್ತಿ ಮುಚ್ಚುವ ಕ್ಷಣ. ಸ್ಪಿಲ್ ವಿಧಾನ ಎನ್ನುವುದು ಆ ಕ್ಷಣವನ್ನು ಕಣ್ಣಿಗೆ ಕಾಣಿಸುವ ಉಪಾಯ. ಇದಕ್ಕೆ ಬೇಕಾದದ್ದು ಕೊಕ್ಕರೆಯ ಕತ್ತಿನಂತೆ ಬಾಗಿದ, ಒಂದು ತುದಿಗೆ ಪಂಪಿನ ನಟ್ ಇರುವ ಸಣ್ಣ ಪೈಪ್. ಹಳೆಯ ಹೈ ಪ್ರೆಷರ್ ಪೈಪನ್ನು ಕತ್ತರಿಸಿ ಬಗ್ಗಿಸಿದರೆ ಆಯಿತು.

ಮೊದಲು ಪಂಪಿನ ತಲೆಯನ್ನು ಬ್ರಷ್ ಮತ್ತು ಡೀಸೆಲ್‌ನಿಂದ ತೊಳೆದು ಗಾಳಿ ಹೊಡೆಯಿರಿ. ಪ್ಲಂಜರ್ ಮತ್ತು ಬ್ಯಾರೆಲ್ ನಡುವಿನ ಸಂದು ಎರಡು ಮೂರು ಮೈಕ್ರಾನ್, ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಕಾಫಿ ಕಣದ ಧೂಳು ಒಂದು ಕಣ ಒಳಬಿದ್ದರೆ ಎಲಿಮೆಂಟ್ ಹೋಯಿತು. ಒಂದನೇ ಪೈಪ್ ಬಿಚ್ಚಿ, ಆ ಪೈಪಿಗೆ ಡೀಸೆಲ್ ಬಿಡುವ ಡೆಲಿವರಿ ವಾಲ್ವಿನ ಹೋಲ್ಡರ್ ತಿರುಗಿಸಿ ತೆಗೆದು, ಒಳಗಿನ ಸ್ಪ್ರಿಂಗ್ ಮತ್ತು ವಾಲ್ವಿನ ಸೂಜಿಯನ್ನು ಮಾತ್ರ ಎತ್ತಿ ಶುದ್ಧ ಡೀಸೆಲ್ ಇರುವ ಲೋಟದಲ್ಲಿಡಿ. ವಾಲ್ವಿನ ಸೀಟ್ ಅಲ್ಲಿಯೇ ಇರಲಿ. ಹೋಲ್ಡರ್ ಮತ್ತೆ ಕೂರಿಸಿ ಅದಕ್ಕೆ ಬಾಗಿದ ಪೈಪ್ ಜೋಡಿಸಿ. ಪಂಪಿಗಿಂತ ಅರ್ಧ ಮೀಟರ್ ಮೇಲೆ ಡೀಸೆಲ್ ಕ್ಯಾನ್ ತೂಗುಹಾಕಿ ಟ್ಯೂಬ್ ಮೂಲಕ ಪಂಪಿಗೆ ಕೊಡಿ, ವಾಪಸ್ ಹೋಗುವ ಲೈನ್ ಮುಚ್ಚಿ. ಸ್ಟಾಪ್ ಲಿವರ್ ಬಿಟ್ಟಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಸ್ಟಾಪ್ ಎಳೆದಿದ್ದರೆ ಪ್ಲಂಜರಿನ ನೇರ ತೋಡು ತೂತಿನ ಎದುರು ಬಂದು, ಎಷ್ಟು ತಿರುಗಿಸಿದರೂ ಡೀಸೆಲ್ ನಿಲ್ಲುವುದೇ ಇಲ್ಲ.

ಎಂಜಿನ್ನನ್ನು ಕಂಪ್ರೆಷನ್ನಿನ ಟಿಡಿಸಿಗೆ ನಲವತ್ತು ಡಿಗ್ರಿ ಮೊದಲಿಗೆ ತಂದರೆ ಪೈಪಿನಿಂದ ಡೀಸೆಲ್ ಧಾರೆಯಾಗಿ ಬೀಳುತ್ತದೆ. ಓಡುವ ದಿಕ್ಕಿನಲ್ಲೇ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತ ಬನ್ನಿ. ಧಾರೆ ಸಣ್ಣಗಾಗುತ್ತದೆ, ಹನಿಯಾಗುತ್ತದೆ, ಹನಿಗಳ ನಡುವಿನ ಬಿಡುವು ಹೆಚ್ಚುತ್ತದೆ. ಐದರಿಂದ ಹತ್ತು ಸೆಕೆಂಡಿಗೆ ಒಂದು ಹನಿ ಎಂಬಲ್ಲಿ ಕೈ ನಿಲ್ಲಿಸಿ ಪುಲ್ಲಿಯ ಪಟ್ಟಿ ಓದಿ. ಒಂದು ಕೂದಲು ಮುಂದೆ ಹೋಯಿತು ಅನ್ನಿಸಿದರೆ ಅಲ್ಲಿಂದಲೇ ಹಿಂದಕ್ಕೆ ತಿರುಗಿಸಿ ಓದಬಾರದು. ಗೇರುಗಳ ಹಲ್ಲುಗಳ ನಡುವೆ ಸಡಿಲವಿರುತ್ತದೆ, ಸವೆದ ಎಂಜಿನ್‌ನಲ್ಲಿ ಅದೊಂದೇ ಒಂದೆರಡು ಡಿಗ್ರಿ ತಿನ್ನುತ್ತದೆ. ಕಾಲು ಸುತ್ತು ಹಿಂದಕ್ಕೆ ಹೋಗಿ ಮತ್ತೆ ಓಡುವ ದಿಕ್ಕಿನಲ್ಲಿ ಬರಬೇಕು. ಮತ್ತೆ ಮತ್ತೆ ಅಳೆದಾಗ ಓದುಗಳು ಅರ್ಧ ಡಿಗ್ರಿಯೊಳಗೆ ಸೇರಿದರೆ ಆ ಅಂಕೆಯನ್ನು ನಂಬಿ.

ಉದಾಹರಣೆಗೆ 26 ಬಂದರೆ ನಾಲ್ಕು ಡಿಗ್ರಿ ಅಡ್ವಾನ್ಸ್ (ಮುಂದೆ) ಆಗಿದೆ ಎಂದರ್ಥ, 17 ಬಂದರೆ ಐದು ಡಿಗ್ರಿ ಹಿಂದೆ. ತಿದ್ದಲು ಎಂಜಿನ್ನನ್ನು ಓಡುವ ದಿಕ್ಕಿನಲ್ಲಿ ತಂದು ಸರಿಯಾಗಿ 22ರಲ್ಲಿ ನಿಲ್ಲಿಸಿ. ಮೂರೂ ಹೈ ಪ್ರೆಷರ್ ಪೈಪುಗಳ ನಟ್ ಸಡಿಲಿಸಿ, ಇಲ್ಲದಿದ್ದರೆ ಪೈಪುಗಳೇ ಪಂಪನ್ನು ಹಿಂದಕ್ಕೆ ಎಳೆಯುತ್ತವೆ. ಫ್ಲ್ಯಾಂಜಿನ ನಟ್‌ಗಳನ್ನು ಸ್ವಲ್ಪವೇ ಸಡಿಲಿಸಿ ಪಂಪಿನ ಮೈಯನ್ನು ಸರಿಸಿ. ಪಂಪಿನ ಶಾಫ್ಟ್ ತಿರುಗುವ ದಿಕ್ಕಿಗೆ ಎದುರಾಗಿ ಮೈ ತಿರುಗಿಸಿದರೆ ಟೈಮಿಂಗ್ ಮುಂದಕ್ಕೆ, ಶಾಫ್ಟಿನ ದಿಕ್ಕಿನಲ್ಲೇ ತಿರುಗಿಸಿದರೆ ಹಿಂದಕ್ಕೆ. ಮೊದಲು ಧಾರೆ ಬರುವಷ್ಟು ಹಿಂದಕ್ಕೆ ಸರಿಸಿ, ಅಲ್ಲಿಂದ ಮುಂದಕ್ಕೆ ತರುತ್ತ ಹನಿಗೆ ಇಳಿದ ಕಡೆ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಮತ್ತೆ ನಲವತ್ತರಿಂದ ಬಂದು ಅಳೆಯಿರಿ. ನಟ್ ಬಿಗಿಯುವಾಗ ಪಂಪ್ ಅಲುಗುವುದು ಸಾಮಾನ್ಯ, ಈ ಕೊನೆಯ ಓದು ಇಲ್ಲದೆ ಕೆಲಸ ಮುಗಿಯಲಿಲ್ಲ.

ಉದ್ದ ತೂತಿನ ತುದಿಗೆ ಬಂದರೂ 22 ಸಿಗದಿದ್ದರೆ ತೂತನ್ನು ಅರದಿಂದ ಉಜ್ಜಿ ದೊಡ್ಡದು ಮಾಡಬೇಡಿ. ಗೇರ್ ಒಂದು ಹಲ್ಲು ತಪ್ಪಿ ಕೂತಿದೆ ಎಂದರ್ಥ. ಪಂಪ್ ಗೇರಿಗೆ 60 ಹಲ್ಲುಗಳಿದ್ದರೆ ಒಂದು ಹಲ್ಲಿನ ತಪ್ಪು ಕ್ರ್ಯಾಂಕಿನಲ್ಲಿ ಹನ್ನೆರಡು ಡಿಗ್ರಿ. ನಿಮ್ಮ ಎಂಜಿನ್‌ನಲ್ಲಿ ಇದೇ ಆಗಿರಬಹುದು ಎಂಬ ಗುಮಾನಿ ನನಗಿದೆ, ಏಕೆಂದರೆ ಪಂಪ್ ಬಿಚ್ಚುವ ಮೊದಲು ಈ ತೊಂದರೆ ಇರಲಿಲ್ಲ.

ಎಲ್ಲ ಸರಿಯಾದ ಮೇಲೆ ವಾಲ್ವ್ ಸೂಜಿ ಮತ್ತು ಸ್ಪ್ರಿಂಗನ್ನು ಅದೇ ಸೀಟಿಗೆ ಮರಳಿಸಿ, ಸೀಲಿಂಗ್ ವಾಷರ್ ಹೊಸದು ಹಾಕಿ. ಹೋಲ್ಡರನ್ನು ಟಾರ್ಕ್ ರೆಂಚಿನಿಂದ ಪುಸ್ತಕದ ಅಳತೆಗೆ ಮಾತ್ರ ಬಿಗಿ ಮಾಡಿ. ಸ್ಪ್ಯಾನರಿನ ಹಿಡಿಗೆ ಪೈಪ್ ತೂರಿಸಿ ಬಲ ಹಾಕಿದರೆ ಬ್ಯಾರೆಲ್ ಸೊಟ್ಟಗಾಗಿ ಪ್ಲಂಜರ್ ಹಿಡಿದುಕೊಳ್ಳುತ್ತದೆ, ರಾಕ್ (ಡೀಸೆಲ್ ಪ್ರಮಾಣ ಹೆಚ್ಚುಕಡಿಮೆ ಮಾಡುವ ಸರಳು) ಅಲುಗುವುದಿಲ್ಲ. ಪೂರ್ತಿ ಡೀಸೆಲ್ ಸ್ಥಿತಿಯಲ್ಲಿ ರಾಕ್ ಹಿಡಿದುಕೊಂಡರೆ ಎಂಜಿನ್ ಅಂಕೆ ಮೀರಿ ಓಡುತ್ತದೆ. ಸ್ಟಾರ್ಟ್ ಮಾಡುವ ಮೊದಲು ಸ್ಟಾಪ್ ಲಿವರ್ ಹಗುರಾಗಿ ಆಡುತ್ತದೆಯೇ ನೋಡಿ, ಅಗತ್ಯ ಬಿದ್ದರೆ ಎಂಜಿನ್ ಗಾಳಿ ಎಳೆಯುವ ಬಾಯಿ ಮುಚ್ಚಿ ನಿಲ್ಲಿಸಲು ಒಂದು ಹಲಗೆಯನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳಿ.

ಒಂದನೇ ಸಿಲಿಂಡರ್ ಸರಿಯಾದರೆ ಉಳಿದ ಎರಡು ತಾವಾಗಿ ಸರಿಯಿರಬೇಕು, ಆದರೆ ಅದು ಕ್ಯಾಲಿಬ್ರೇಶನ್ ಅಂಗಡಿಯ ಪರೀಕ್ಷಾ ಬೆಂಚಿನಲ್ಲಿ ಆದ ಕೆಲಸವನ್ನು ಅವಲಂಬಿಸಿದೆ. ಮೂರು ಸಿಲಿಂಡರಿನ ಪಂಪಿನಲ್ಲಿ ಎಲಿಮೆಂಟ್‌ಗಳು ಪಂಪಿನ ಶಾಫ್ಟ್ ತಿರುಗುವ 120 ಡಿಗ್ರಿಗೊಮ್ಮೆ ತೂತು ಮುಚ್ಚಬೇಕು, ಅರ್ಧ ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸ ಬಿಡಬಾರದು. ಕ್ಯಾಲಿಬ್ರೇಶನ್ ಎಂದ ಕೂಡಲೇ ಡೀಸೆಲ್ ಪ್ರಮಾಣ ಮಾತ್ರ ನೋಡಿ ಕೊಡುವ ಅಂಗಡಿಗಳಿವೆ. ನಿಮ್ಮ ಪಂಪ್ ಮಾಡಿದವರಲ್ಲಿ ಫೇಸಿಂಗ್ (ಎಲಿಮೆಂಟುಗಳ ನಡುವಿನ ಈ ಅಂತರ) ಓದು ಎಷ್ಟು ಬಂತು ಎಂದು ಕೇಳಿ, ಬೆಂಚಿನ ಅಂಕೆಗಳ ಕಾಗದ ಕೇಳಿ ಪಡೆಯಿರಿ. ಒಂದನೇ ಎಲಿಮೆಂಟ್ ಮುಚ್ಚುವ ಜಾಗಕ್ಕೆ ಪಂಪಿನ ಮೈ ಮೇಲೂ ಗೇರಿನ ಮೇಲೂ ಗೆರೆ ಹಾಕಿಸಿಕೊಂಡರೆ ಮುಂದಿನ ಸಲ ಕೂರಿಸುವಾಗ ಹಲ್ಲು ತಪ್ಪುವುದಿಲ್ಲ. ವಾಲ್ವ್ ಬಿಚ್ಚದೆಯೇ ಹೆಚ್ಚು ಒತ್ತಡದಲ್ಲಿ ಡೀಸೆಲ್ ಹಾಯಿಸಿ ಸ್ಪಿಲ್ ಅಳೆಯುವ ವಿದ್ಯುತ್ ಯಂತ್ರವೂ ಇದೆ. ಅದು ದೊಡ್ಡ ಕಾರ್ಯಾಗಾರಕ್ಕೆ ತಕ್ಕದ್ದು, ತೋಟಕ್ಕೆ ಬೇಡ.

ಪೈಪಿಗೆ ಕ್ಲಿಪ್ ಹಾಕಿ ಬೆಳಕು ಮಿನುಗಿಸುವ ಟೈಮಿಂಗ್ ಲೈಟ್ ಕೊಳ್ಳುವ ಯೋಚನೆ ಇದ್ದರೆ ಒಂದು ಮಾತು. ಆ ಕ್ಲಿಪ್ಪಿನೊಳಗಿನ ಸಂವೇದಕ ಒತ್ತಡ ಏರಿದಾಗ ಪೈಪ್ ಅತ್ಯಲ್ಪ ಉಬ್ಬುವುದನ್ನು ಗ್ರಹಿಸುತ್ತದೆ. ಪೈಪಿನ ಬಣ್ಣ ಕೆರೆದು ನೇರ ಭಾಗಕ್ಕೆ ಹಾಕಬೇಕು. ಆದರೆ ಅದು ತೋರಿಸುವ ಅಂಕೆ ಸ್ಪಿಲ್ ಅಂಕೆಯಲ್ಲ. ಡೀಸೆಲ್‌ನಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 1,350 ಮೀಟರ್ ವೇಗದಲ್ಲಿ ಸಾಗುತ್ತದೆ. 60 ಸೆಂಟಿಮೀಟರಿನ ಪೈಪ್ ದಾಟಲು 0.44 ಮಿಲಿಸೆಕೆಂಡ್ ಬೇಕು. 1500 ಸುತ್ತಿನಲ್ಲಿ ಅದು ನಾಲ್ಕು ಡಿಗ್ರಿ, 750 ಸುತ್ತಿನಲ್ಲಿ ಎರಡೇ ಡಿಗ್ರಿ. ಕ್ಲಿಪ್ ನೋಝಲ್ ಬದಿಗಿದ್ದರೆ 22ಕ್ಕೆ ಕೂರಿಸಿದ ಎಂಜಿನ್ ಲೈಟಿನಲ್ಲಿ 18 ತೋರಿಸಿದರೂ ಅಚ್ಚರಿಯಿಲ್ಲ, ಅದನ್ನು ನೋಡಿ ಪಂಪ್ ಮುಂದಕ್ಕೆ ತಿರುಗಿಸಿದವರು ಎಂಜಿನ್‌ಗೆ ಕೇಡು ಮಾಡಿದಂತೆ. ಲೈಟಿನ ನಿಜವಾದ ಉಪಯೋಗ ಬೇರೆ: ಸ್ಪಿಲ್‌ನಿಂದ ಸರಿಯಾಗಿ ಕೂರಿಸಿದ ದಿನ ಇಂಥ ವೇಗದಲ್ಲಿ ಇಷ್ಟು ತೋರಿಸಿತು ಎಂದು ಬರೆದಿಟ್ಟುಕೊಂಡರೆ, ಮುಂದಿನ ವರ್ಷ ಪಂಪ್ ಬಿಚ್ಚದೆಯೇ ಬದಲಾವಣೆ ತಿಳಿಯುತ್ತದೆ. ಇದೇ ಕಾರಣಕ್ಕೆ ಒಡೆದ ಪೈಪಿನ ಬದಲು ಗಿಡ್ಡ ಪೈಪ್ ಹಾಕಬಾರದು, ಆ ಸಿಲಿಂಡರಿನ ಟೈಮಿಂಗೇ ಬೇರೆಯಾಗುತ್ತದೆ.

ಪಲ್ಪರಿನ ಸಿಂಗಲ್ ಸಿಲಿಂಡರ್ ಎಂಜಿನ್‌ಗೂ ಸ್ಪಿಲ್ ವಿಧಾನವೇ, ಆದರೆ ಅಲ್ಲಿ ಪಂಪ್ ತಿರುಗಿಸುವಂತಿಲ್ಲ. ಪಂಪಿನ ಕೆಳಗೆ ತೆಳುವಾದ ಶಿಮ್‌ಗಳಿರುತ್ತವೆ. ಶಿಮ್ ಹೆಚ್ಚಿಸಿದರೆ ಪಂಪಿನ ಮೈ ಮೇಲೇರಿ, ಪ್ಲಂಜರ್ ತೂತು ಮುಚ್ಚಲು ಇನ್ನಷ್ಟು ಏರಬೇಕಾಗುತ್ತದೆ, ಟೈಮಿಂಗ್ ತಡವಾಗುತ್ತದೆ. ತೆಗೆದರೆ ಬೇಗವಾಗುತ್ತದೆ. ಒಂದು ಶಿಮ್ಮಿಗೆ ಎಷ್ಟು ಡಿಗ್ರಿ ಎಂಬುದು ಕ್ಯಾಮಿನ ಆಕಾರದ ಮೇಲೆ ಹೋಗುತ್ತದೆ, ಹಾಕಿ ಅಳೆದೇ ತಿಳಿಯಬೇಕು. ಪಂಪ್ ಬಿಚ್ಚಿದಾಗ ಹಳೆಯ ಪ್ಯಾಕಿಂಗ್ ಹರಿದುಹೋಯಿತೆಂದು ರಟ್ಟಿನ ಪ್ಯಾಕಿಂಗ್ ಹಾಕುವುದನ್ನು ತೋಟಗಳಲ್ಲಿ ಬಹಳ ನೋಡಿದ್ದೇನೆ, ಅದೂ ಶಿಮ್ಮಿನಂತೆಯೇ ಟೈಮಿಂಗ್ ಕೆಡಿಸುತ್ತದೆ. ಕಿರ್ಲೋಸ್ಕರ್ ಟಿವಿ1 ಮಾದರಿಯಲ್ಲಿ ಟಿಡಿಸಿಗೆ 23 ಡಿಗ್ರಿ ಮೊದಲು ಎಂಬುದು ನಿಗದಿ, ನಿಮ್ಮದು ಬೇರೆ ಮಾದರಿಯಾದರೆ ಅದರ ಪುಸ್ತಕದ ಅಂಕೆಯೇ ಬೇಕು. ಕೈಯಿಂದ ಹ್ಯಾಂಡಲ್ ಹೊಡೆಯುವ ಎಂಜಿನ್‌ನಲ್ಲಿ ಅಡ್ವಾನ್ಸ್ ಹೆಚ್ಚಾದರೆ ಹ್ಯಾಂಡಲ್ ಹಿಂದಕ್ಕೆ ಹೊಡೆದು ಮುಂಗೈ ಮುರಿಯುತ್ತದೆ, ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ.

ಜೀಪಿನ ರೋಟರಿ ಪಂಪಿಗೆ ಈ ಹನಿ ಲೆಕ್ಕ ಹೊಂದುವುದಿಲ್ಲ. ಬಾಷ್ ವಿಇ ಪಂಪಾದರೆ ಪೈಪುಗಳ ನಡುವಿನ ಬಿರಡೆ ತೆಗೆದು ಅಡಾಪ್ಟರ್ ಮೂಲಕ ಡಯಲ್ ಗೇಜ್ ಕೂರಿಸಬೇಕು. ಎಂಜಿನ್ ಹಿಂದಕ್ಕೆ ತಿರುಗಿಸುತ್ತ ಮುಳ್ಳು ನಿಂತ ಕಡೆ ಸೊನ್ನೆ ಮಾಡಿ, ಓಡುವ ದಿಕ್ಕಿನಲ್ಲಿ ಟಿಡಿಸಿಗೆ ತಂದು ಪ್ಲಂಜರ್ ಎಷ್ಟು ಏರಿತು ಎಂದು ಓದಬೇಕು. ಈ ಅಂಕೆ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸು, ಎಂಜಿನ್‌ಗೆ ತಕ್ಕಂತೆ ಬದಲಾಗುತ್ತದೆ. ಕೋಲ್ಡ್ ಸ್ಟಾರ್ಟ್ ಲಿವರ್ ಎಳೆದಿದ್ದರೆ ಓದು ಸುಳ್ಳು. ಸಿಎವಿ ಡಿಪಿಎ ಪಂಪಾದರೆ ಪಕ್ಕದ ಸಣ್ಣ ಮುಚ್ಚಳ ತೆಗೆದು, ಒಳಗಿನ ತಟ್ಟೆಯ ಮೇಲಿನ ಅಕ್ಷರದ ಗೆರೆಯನ್ನು ಉಂಗುರದ ಗುರುತಿಗೆ ಹೊಂದಿಸುವುದು. ಹಳೆಯ ಎಂಎಂ540 ಜೀಪುಗಳಲ್ಲಿದ್ದ ಪ್ಯೂಜೋ ಎಂಜಿನ್ನಾದರೆ ಒಂದನೇ ಸಿಲಿಂಡರ್ ಫ್ಲೈವೀಲ್ ಬದಿಯದು, ರೇಡಿಯೇಟರ್ ಬದಿಯದಲ್ಲ.

ಒಂದು ಎಚ್ಚರಿಕೆಯನ್ನು ಕೆಲಸ ಮಾಡುವ ಪ್ರತಿಯೊಬ್ಬರಿಗೂ ಹೇಳಿ. ನೋಝಲ್‌ನಿಂದ 200 ಬಾರ್ ಒತ್ತಡದಲ್ಲಿ ಹೊಮ್ಮುವ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಸೂಜಿ ಚುಚ್ಚಿದಷ್ಟೇ ಗಾಯ, ನೋವೂ ಮೊದಲು ಇರುವುದಿಲ್ಲ, ಆದರೆ ಒಳಗೆ ಮಾಂಸ ಕೊಳೆಯತೊಡಗಿ ಬೆರಳೇ ಹೋಗಬಹುದು. ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ, ರಟ್ಟು ಹಿಡಿದು ಹುಡುಕಿ. ತಾಗಿದರೆ ಬ್ಯಾಂಡೇಜ್ ಕಟ್ಟಿ ಕೂರದೆ ತಕ್ಷಣ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಹೈ ಪ್ರೆಷರ್ ಡೀಸೆಲ್ ತೂರಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ.

ಕೊನೆಗೆ ಗುಡ್ಡದ ಪ್ರಶ್ನೆ. ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಶೇ 9ರಷ್ಟು ಕಡಿಮೆ, ಮುಳ್ಳಯ್ಯನಗಿರಿಯಂಥ 1,900 ಮೀಟರ್ ಮೀರಿದ ಎತ್ತರದಲ್ಲಿ ಶೇ 17ರಷ್ಟು. ಗಾಳಿ ತೆಳುವಾದಾಗ ಡೀಸೆಲ್ ಹೊತ್ತಲು ಸ್ವಲ್ಪ ತಡವಾಗುವುದು ನಿಜ, ಆ ಮಾತು ಹುಟ್ಟಿದ್ದು ಅಲ್ಲಿಂದ. ಆದರೆ ಸಕಲೇಶಪುರದ ಎತ್ತರದಲ್ಲಿ ಆ ತಡ ಪುಸ್ತಕದ ಅಂಕೆ ಬದಲಿಸುವಷ್ಟಿಲ್ಲ. ಗಾಳಿ ಕಡಿಮೆಯಾಗಿ ಡೀಸೆಲ್ ಅಷ್ಟೇ ಉಳಿದರೆ ಪೂರ್ಣ ಲೋಡಿನಲ್ಲಿ ಬರುವುದು ಕಪ್ಪು ಹೊಗೆ, ಅದಕ್ಕೆ ಮದ್ದು ಟೈಮಿಂಗ್ ಅಲ್ಲ. ಮೊದಲು ಏರ್ ಕ್ಲೀನರ್ ನೋಡಿ. ಅದು ಶುದ್ಧವಾಗಿದ್ದೂ ಹೊಗೆ ನಿಲ್ಲದಿದ್ದರೆ ಪಂಪನ್ನು ಬೆಂಚಿಗೆ ಕಟ್ಟಿ ಪೂರ್ಣ ಲೋಡಿನ ಡೀಸೆಲ್ ಪ್ರಮಾಣವನ್ನು ಇಳಿಸಬೇಕು. ಆ ಸ್ಕ್ರೂಗೆ ಸೀಲ್ ಹಾಕಿರುತ್ತಾರೆ. ಬೆಂಚ್ ಇಲ್ಲದ ಜಾಗದಲ್ಲಿ ಆ ಸೀಲ್ ಒಡೆಯಲು ಯಾರಿಗೂ ಬಿಡಬೇಡಿ.